ಎರಡು ಡಬ್ಬ ಗುಂಡು

ಹಾರ್ಡ್‌ವೇರ್ ಅಂಗಡಿಯ ಡ್ವೇನ್ ಗಲ್ಲೆಯ ಹಿಂದೆ ನಿಂತು "ಇನ್ನು ಮುಂದೆ ಬರಲ್ಲವಂತೆ" ಎಂದದ್ದೇ ತಡ, ತೌನೋನ ನೆಮ್ಮದಿ ಹಾರಿಹೋಯಿತು.

ಬರುವುದಿಲ್ಲ ಎಂದದ್ದು ಗುಂಡಿನ ವಿಷಯ. ತೌನೋನ ಕೋವಿ ಯಾವ ಕಾಲದ್ದೋ ಯುದ್ಧದ್ದು. ಇದೇ ಅಂಗಡಿಯ ಮೂಲೆಯಲ್ಲಿ ಪೊರಕೆಗಳ ಹಾಗೆ ಪೀಪಾಯಿಯೊಳಗೆ ನಿಲ್ಲಿಸಿಟ್ಟಿದ್ದ ಕೋವಿಗಳಲ್ಲಿ ಒಂದನ್ನು ಅವನು ವಯಸ್ಸಿನಲ್ಲಿದ್ದಾಗ ಅಗ್ಗಕ್ಕೆ ಆರಿಸಿ ತಂದಿದ್ದ. ಅದಕ್ಕೆ ಹೊಂದುವ ಅಗ್ಗದ ಗುಂಡು ಅಂದರೆ ಸಮುದ್ರದಾಚೆಯ ಸೈನ್ಯವೊಂದು ತನಗೆ ಬೇಡವೆಂದು ಮಾರಿದ ಹಳೇ ದಾಸ್ತಾನು, ಬೆಸುಗೆ ಹಾಕಿದ ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಈಗ ಆ ದಾಸ್ತಾನಿನ ತಳ ಕಂಡಿತ್ತು. ಡ್ವೇನ್ ಬಳಿ ಉಳಿದದ್ದು ಒಂದು ಮರದ ಪೆಟ್ಟಿಗೆ, ಅದರೊಳಗೆ ಎರಡು ಡಬ್ಬ.

"ತಗೊಂಡ್ಬಿಡು ಭಾವ," ಎಂದ ಪಕ್ಕದಲ್ಲಿ ಮೊಳೆ ಆರಿಸುತ್ತಿದ್ದ ಹ್ಯೂಗೋ. ಇವನು ತೌನೋನ ಹೆಂಡತಿ ಲೆಂಪಿಯ ತಮ್ಮ. "ಮುಂದಿನ ವರ್ಷ ದುಡ್ಡು ಹಿಡ್ಕೊಂಡು ಬಂದ್ರೂ ಸಿಗಲ್ಲ. ಆಮೇಲೆ ಕೋವೀನ ಗೋಡೆಗೆ ಹೊಡೆದು ಕಾಲುಚೀಲ ಒಣಹಾಕ್ಕೋಬೇಕು, ಅಷ್ಟೇ."

"ಅಷ್ಟೊಂದು ಕಾಳಜಿ ಇದ್ರೆ ನೀನೇ ತಗೋ."

"ನನ್ನ ಕೋವಿಗೆ ಅದು ಆಗಲ್ವಲ್ಲ. ಆಗಿದ್ರೆ ನಿಂಗೆ ಹೇಳ್ತಿದ್ನಾ?"

ತೌನೋ ಮನೆಗೆ ಬಂದು ಕಾಫಿಯ ಹೊತ್ತಿಗೆ ವಿಷಯ ತೆಗೆದ. ಲೆಂಪಿ ಏಲಕ್ಕಿ ಬ್ರೆಡ್ಡು ಕತ್ತರಿಸುತ್ತ, ಪೂರ್ತಿ ಕೇಳುವ ಮೊದಲೇ "ಬೇಡ" ಎಂದಳು.

"ಮುಂದೆ ಸಿಗಲ್ಲ ಕಣೇ."

"ಸಿಗದಿದ್ರೆ ಬೇಡ."

"ಹೋದ ವರ್ಷ ಜಾಡಿ ಮುಚ್ಚಳ ಸಿಗಲ್ಲ ಅಂತ ನೀನು ಮಂಚದಡಿ ತುಂಬಿಲ್ವಾ?"

"ತುಂಬಿದೀನಿ. ಆ ಜಾಡಿಯ ಸೌತೆಕಾಯಿ ತಿನ್ಕೊಂಡೇ ನೀನು ಈ ಮಾತಾಡ್ತಿರೋದು. ನಿನ್ನ ಗುಂಡು ತಿಂದ ಜಿಂಕೆ ಎಲ್ಲಿ, ತೋರ್ಸು ನೋಡೋಣ?"

ತೌನೋ ಇನ್ನೊಂದು ತುಂಡು ಬ್ರೆಡ್ಡು ತೆಗೆದುಕೊಂಡ. ಆರು ವರ್ಷದಿಂದ ಅವನು ಜಿಂಕೆ ಹೊಡೆದಿರಲಿಲ್ಲ. ಗಾಳಿ ಸರಿಯಿರಲಿಲ್ಲ, ತೋಳ ಹೆಚ್ಚಾಗಿವೆ, ಹ್ಯೂಗೋ ಕೆಮ್ಮಿದ ಎಂದು ವರ್ಷಕ್ಕೊಂದು ಕಾರಣ ಹೇಳಿಕೊಂಡು ಬಂದಿದ್ದ. ನಿಜವಾದ ಕಾರಣ ಅವನ ಬಲಗಣ್ಣು. ಅದರಲ್ಲಿ ಮಂಜು ಕೂತಿತ್ತು. ಹೋದ ತಿಂಗಳು, ಬೇಟೆಯ ಮೊದಲ ದಿನವೇ, ಎದುರಿಗೆ ನಿಂತದ್ದು ಗಂಡುಜಿಂಕೆಯೋ ಸುಟ್ಟ ಮರದ ಬೊಡ್ಡೆಯೋ ಎಂದು ತಿಳಿಯದೆ ಅವನು ಕೋವಿ ಹಿಡಿದು ಕೂತೇ ಇದ್ದ. ಕೊನೆಗೆ ಬೊಡ್ಡೆ ಬಾಲ ಎತ್ತಿ ಓಡಿಹೋಯಿತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಿಷಿಗನ್ನಿನ ಈ ಉತ್ತರದ ತುದಿಯಲ್ಲಿ ನವೆಂಬರಿನಲ್ಲಿ ಕಾಡಿಗೆ ಹೋಗದ ಗಂಡಸನ್ನು ಜನ ಆಸ್ಪತ್ರೆಯಿಂದ ಬಂದವನ ಹಾಗೆ ನೋಡುತ್ತಾರೆ, ಮನೆಗೆ ಸೂಪು ಕಳಿಸುತ್ತಾರೆ. ತೌನೋಗೆ ಆ ಸೂಪಿನ ಭಯ.

ಗುಂಡು ಕೊಂಡರೆ ತನಗೆ ಇನ್ನೂ ಬೇಟೆ ಇದೆ ಎಂದು ಅರ್ಥ. ಕೊಳ್ಳದಿದ್ದರೆ ಮುಗಿಯಿತು ಎಂದು ತಾನೇ ಒಪ್ಪಿಕೊಂಡ ಹಾಗೆ. ಹೀಗೆ ಲೆಕ್ಕ ಹಾಕಿಕೊಂಡು ಅವನು ಮನೆಯೆಲ್ಲ ಸುತ್ತಿದ. ದಿನಾ ಒಂದು ನೆಪ ಹುಡುಕಿ ಅಂಗಡಿಗೆ ಹೋಗಿ ಪೆಟ್ಟಿಗೆ ಅಲ್ಲೇ ಇದೆಯಾ ಎಂದು ನೋಡಿ ಬಂದ. ಆ ವಾರ ಮನೆಗೆ ಅಗತ್ಯವಿಲ್ಲದ ಬಲ್ಬು, ಅಂಟು, ಇಲಿಬೋನು ಎಲ್ಲ ಬಂದವು. ಬುಧವಾರ ಹೋದಾಗ ಬೇರೆ ಊರಿನವನೊಬ್ಬ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದ.

"ಅದು ನಂದು," ಎಂದಿತು ತೌನೋನ ಬಾಯಿ, ತೌನೋನನ್ನು ಕೇಳದೆ.

ತಂದದ್ದೇನೋ ಆಯಿತು, ಇಡುವುದೆಲ್ಲಿ? ಮನೆಯೊಳಗೆ ಲೆಂಪಿ ಕಾಣದ ಮೂಲೆ ಇಲ್ಲ. ಬೇಟೆಯ ಗುಡಿಸಲಿಗೆ ಹೋಗುವ ದಾರಿಯ ಹಿಮ ತೆಗೆಯುವುದು ಶುಕ್ರವಾರ, ಅಲ್ಲಿಯವರೆಗೆ ಅಲ್ಲಿಗೆ ಒಯ್ಯುವ ಹಾಗಿಲ್ಲ. ಹ್ಯೂಗೋನ ಶೆಡ್ಡಿನಲ್ಲಿ ಇಡೋಣವೆಂದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಕ್ಕನ ಕಿವಿಗೆ ಹಾಕದೆ ಅವನಿಗೆ ನಿದ್ದೆ ಬಾರದು. ಯೋಚಿಸಿ ಯೋಚಿಸಿ ತೌನೋಗೆ ಹೊಳೆದದ್ದು ಹಿತ್ತಲಿನ ಸೌನಾ, ಕಾದ ಕಲ್ಲಿಗೆ ನೀರು ಸುರಿದು ಆವಿಯಲ್ಲಿ ಮೈ ಬೆವರಿಸಿಕೊಳ್ಳುವ ಕೋಣೆ. ಫಿನ್‌ಲೆಂಡಿನಿಂದ ಬಂದ ಲೆಂಪಿಯ ಅಪ್ಪ ಮನೆಗಿಂತ ಮೊದಲು ಕಟ್ಟಿದ್ದು ಅದನ್ನೇ, ಅಲ್ಲಿ ಒಲೆ ಹೊತ್ತುವುದು ಶನಿವಾರ ಮಾತ್ರ. ಉಳಿದ ದಿನ ಅಲ್ಲಿ ಇಲಿಯೂ ಸುಳಿಯುವುದಿಲ್ಲ. ಪೆಟ್ಟಿಗೆ ಕಳಚಿ, ಎರಡು ಡಬ್ಬಗಳನ್ನು ಕೆಳಗಿನ ಮಣೆಯ ಅಡಿಗೆ ತಳ್ಳಿ, ಮುಂದೆ ತೂತುಬಿದ್ದ ಬಕೆಟ್ಟು ನಿಲ್ಲಿಸಿದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಗುರುವಾರ ಮಧ್ಯಾಹ್ನ ಅಂಚೆ ಕಚೇರಿಯಿಂದ ಬರುವಾಗ ದೂರದಿಂದಲೇ ಸೌನಾದ ಹೊಗೆಕೊಳವೆಯಲ್ಲಿ ಹೊಗೆ ಕಂಡಿತು. ಮಂಜುಗಣ್ಣಿಗೂ ಚೆನ್ನಾಗಿಯೇ ಕಂಡಿತು. ತೌನೋ ದಾಪುಗಾಲು ಹಾಕಿ ಮನೆಗೆ ಬಂದ.

"ಹ್ಯೂಗೋ ಹಿಮ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೊಂಡು ಬಂದಿದಾನೆ," ಎಂದಳು ಲೆಂಪಿ ಅಡುಗೆಮನೆಯಿಂದ. ಅವಳ ಬಳಿ ಸೊಂಟಕ್ಕೆ, ನೆಗಡಿಗೆ, ದುಃಖಕ್ಕೆ, ಎಲ್ಲಕ್ಕೂ ಇರುವುದು ಒಂದೇ ಔಷಧಿ. "ಆಗ್ಲೇ ಒಳಗಿದಾನೆ. ನೀನೂ ಹೋಗು, ಒಂಟಿಯಾಗಿ ಕೂತ್ಕೋಬಾರ್ದು."

ತೌನೋ ಎದ್ದೆನೋ ಬಿದ್ದೆನೋ ಎಂದು ಓಡಿ, ಬಟ್ಟೆ ಕಿತ್ತೆಸೆದು ಒಳಗೆ ನುಗ್ಗಿದ. ಮೇಲಿನ ಮಣೆಯಲ್ಲಿ ಹ್ಯೂಗೋ ಬೆತ್ತಲೆಯಾಗಿ, ಕೆಂಪಗೆ, ಸುಖವಾಗಿ ಕೂತಿದ್ದ. ಅವನ ಕಾಲ ಕೆಳಗೆ ಬಕೆಟ್ಟು, ಬಕೆಟ್ಟಿನ ಹಿಂದೆ ಡಬ್ಬ.

"ಬಾ ಭಾವ! ಕಲ್ಲು ಈಗ ಕಾದಿದೆ ನೋಡು," ಎಂದು ಹ್ಯೂಗೋ ಒಂದು ಸೌಟು ನೀರು ಸುರಿದ. ಆವಿ ಭುಸ್ಸೆಂದು ಏರಿತು.

"ಸಾಕು," ಎಂದ ತೌನೋ.

ಹ್ಯೂಗೋ ಸೌಟು ಹಿಡಿದವನು ಹಾಗೇ ಕೂತ. ಅವನ ಇಡೀ ಆಯುಷ್ಯದಲ್ಲಿ ಫಿನ್ನಿಶ್ ಕುಲದ ಗಂಡಸೊಬ್ಬ ಮೊದಲ ಸೌಟಿಗೇ ಸಾಕು ಎಂದದ್ದನ್ನು ಕೇಳಿರಲಿಲ್ಲ.

"ಏನಂದೆ?"

"ಸೆಕೆ ಆಗ್ತಿದೆ."

"ಸೌನಾದಲ್ಲಿ ಸೆಕೆ ಆಗ್ದೆ ಇನ್ನೇನು ಚಳಿ ಆಗತ್ತಾ?" ಎಂದು ಇನ್ನೊಂದು ಸೌಟು ಸುರಿದ.

"ಬೇಡ ಕಣೋ! ನಿನ್ನ ದಮ್ಮಯ್ಯ!" ತೌನೋ ಬಗ್ಗಿ ಮಣೆಯಡಿಗೆ ಕೈ ಹಾಕಿದ. ತಗಡು ಬಿಸಿಯಾಗಿತ್ತು. ಸುಟ್ಟ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತ.

ಹ್ಯೂಗೋನ ಮುಖ ಬಿಳಿಚಿತು. "ಎದೆನಾ? ಎಡಗೈ ಜುಂ ಅಂತಿದ್ಯಾ? ಅಕ್ಕಾ! ಲೆಂಪಿ ಅಕ್ಕಾ! ಭಾವ ಹೋಗ್ತಿದಾನೆ!"

ತೌನೋ ಒಂದು ಕ್ಷಣ ಯೋಚಿಸಿದ. ಎದೆನೋವು ಎಂದರೆ ಮಾನ ಉಳಿಯುತ್ತದೆ, ಆದರೆ ಆಂಬುಲೆನ್ಸು ಬರುವವರೆಗೆ ಒಲೆ ಉರಿಯುತ್ತಲೇ ಇರುತ್ತದೆ.

"ನಿನ್ನ ತಿಕದ ಕೆಳಗೆ ಎರಡು ಡಬ್ಬ ಗುಂಡಿದೆ," ಎಂದ.

ಸೊಂಟ ಹಿಡಿದ ಮನುಷ್ಯ ಅಷ್ಟು ದೂರ ಹಾರಬಲ್ಲ ಎಂದು ಅಂದು ಗೊತ್ತಾಯಿತು. ಲೆಂಪಿ ಕೋಟು ಏರಿಸಿಕೊಂಡು ಓಡಿಬರುವಷ್ಟರಲ್ಲಿ ಅವಳ ತಮ್ಮ ಮೊಣಕಾಲುದ್ದ ಹಿಮದಲ್ಲಿ, ಮೈಮೇಲೆ ನೂಲೆಳೆ ಇಲ್ಲದೆ, ಸೌಟು ಹಿಡಿದು ನಿಂತು "ಗುಂಡು! ಸೌನಾ ತುಂಬ ಗುಂಡು!" ಎಂದು ರಸ್ತೆಯವರೆಗೂ ಕೇಳುವ ಹಾಗೆ ಕೂಗುತ್ತಿದ್ದ. ಅವನ ಹಿಂದೆಯೇ ತೌನೋ, ಟವೆಲಿನಲ್ಲಿ ಸುತ್ತಿದ ಡಬ್ಬಗಳನ್ನು ಒಂದೊಂದಾಗಿ ಎಳೆದು ತಂದು ಹಿಮಕ್ಕೆ ಉರುಳಿಸಿದ. ಅವು ಚುಂಯ್ ಎಂದು ಹಿಮದೊಳಗೆ ಇಳಿದವು. ಆ ಶಾಖಕ್ಕೆ ಗುಂಡು ಸಿಡಿಯುತ್ತಿರಲಿಲ್ಲ ಎಂದು ಆಮೇಲೆ ಡ್ವೇನ್ ಹೇಳಿದ. ಆಮೇಲೆ ಹೇಳುವುದಕ್ಕೇನು, ಯಾರು ಬೇಕಾದರೂ ಹೇಳುತ್ತಾರೆ.

ಹ್ಯೂಗೋ ಬಟ್ಟೆ ಹಾಕಿಕೊಂಡು, ಸೊಂಟ ಪೂರ್ತಿ ವಾಸಿಯಾಗಿದೆ ಎಂದು ಹೇಳಿ ಮನೆಗೆ ಹೋದ. ಗಂಡ ಹೆಂಡತಿ ಸೌನಾದ ಹೊರಕೋಣೆಯಲ್ಲಿ ಕೂತರು. ತನ್ನನ್ನು ಎಷ್ಟು ಬೈದರೂ ಸಾಲದು ಎನ್ನುವಷ್ಟು ತೌನೋಗೆ ನಾಚಿಕೆಯಾಗಿತ್ತು.

"ನಮ್ಮಪ್ಪನ ಸೌನಾ ಕಣೋ ಇದು," ಎಂದಳು ಲೆಂಪಿ. "ಅಮ್ಮ ನನ್ನ ಹೆತ್ತಿದ್ದು ಇಲ್ಲೇ. ಬೇರೆ ಜಾಗ ಸಿಗ್ಲಿಲ್ವಾ?"

"ಶನಿವಾರದವರೆಗೂ ಯಾರೂ ಬರಲ್ಲ ಅಂದ್ಕೊಂಡೆ."

"ಯಾಕೆ ತಂದೆ? ಜಿಂಕೆಯಂತೂ ನಿನ್ನ ಕಂಡ್ರೆ ಈಗ ಹೆದರೋದೂ ಇಲ್ಲ."

ತೌನೋ ನೆಲ ನೋಡುತ್ತ ಹೇಳಿಬಿಟ್ಟ. "ನನ್ನ ಬಲಗಣ್ಣು ಕಾಣ್ಸಲ್ಲ ಲೆಂಪಿ."

"ಗೊತ್ತು."

"ಗೊತ್ತಾ?"

"ಹೋದ ಭಾನುವಾರ ಚರ್ಚಲ್ಲಿ ನೀನು ಪಾದ್ರಿ ಹೆಂಡ್ತಿ ಅಂದ್ಕೊಂಡು ಕೋಟು ನೇತುಹಾಕೋ ಕಂಬವನ್ನ ಆರೋಗ್ಯ ಹೇಗಿದೆ ಅಂತ ವಿಚಾರಿಸ್ದೆ."

"ನೋಡ್ಕೊಂಡು ಸುಮ್ನಿದ್ಯಾ?"

"ಕಂಬಾನೂ ಸುಮ್ನಿತ್ತು. ನಾನೂ ಸುಮ್ನಿದ್ದೆ."

ತೌನೋಗೆ ನಗುವೂ ಬಂತು, ಅಳುವೂ ಬಂತು. "ಇದನ್ನ ಕೊಳ್ಳದೆ ಬಿಟ್ರೆ ನನ್ನದು ಮುಗೀತು ಅಂತ ಅನ್ನಿಸ್ತು. ಊರೆಲ್ಲ ಸೂಪು ಕಳಿಸ್ತಾರೆ ಅನ್ನಿಸ್ತು. ನಂಗೆ ಹೆದರಿಕೆ ಆಯ್ತು ಕಣೇ, ಅಷ್ಟೇ."

ಲೆಂಪಿ ಹೊರಗೆ ನೋಡಿದಳು. ಬಾಗಿಲಾಚೆ ಹಿಮದಲ್ಲಿ ಎರಡು ಹೊಂಡ ಬಿದ್ದಿದ್ದವು. ಅವನ ಸುಟ್ಟ ಕೈಯನ್ನು ಎಳೆದುಕೊಂಡು ನೋಡಿದಳು, ಎದ್ದು ಹೋಗಿ ಹಿಡಿ ಹಿಮ ತಂದು ಅದರ ಮೇಲಿಟ್ಟಳು.

"ಸೋಮವಾರ ಕಣ್ಣು ಡಾಕ್ಟ್ರ ಹತ್ರ ಹೋಗೋಣ. ಪೊರೆ ತೆಗೀತಾರೆ. ನನ್ನ ತಂಗಿಗೆ ತೆಗೆದ ಮೇಲೆ ನಮ್ಮನೆ ಧೂಳೆಲ್ಲ ಅವಳಿಗೆ ಕಾಣ್ಸೋಕೆ ಶುರುವಾಯ್ತು." ಆಮೇಲೆ ಕೇಳಿದಳು, "ವರ್ಷಕ್ಕೆ ಎಷ್ಟು ಗುಂಡು ಬೇಕು ನಿಂಗೆ?"

"ಗುರಿ ನೋಡೋಕೆ ಒಂದು, ಜಿಂಕೆಗೆ ಒಂದು."

"ಒಂದು ಡಬ್ಬದಲ್ಲಿ ಎಷ್ಟಿದೆ?"

"ನಾನೂರ ನಲವತ್ತು," ಎಂದು ಹೇಳುವಾಗ ಅವನ ದನಿ ಸಣ್ಣದಾಯಿತು.

ಲೆಂಪಿ ತುಟಿ ಕುಣಿಸುತ್ತ ಮನಸ್ಸಿನಲ್ಲೇ ಭಾಗಿಸಿದಳು. "ಇನ್ನೂರ ಇಪ್ಪತ್ತು ವರ್ಷ."

ತೌನೋ ತಲೆ ತಗ್ಗಿಸಿದ. "ಎರಡೂ ನಾಳೆ ವಾಪಸ್ ಕೊಟ್ಟು ಬರ್ತೀನಿ."

"ಒಂದನ್ನ ಕೊಟ್ಟು ಬಾ," ಎಂದಳು ಲೆಂಪಿ, ಅವನ ಕೈ ಬಿಡದೆ. "ಒಂದು ಇರ್ಲಿ. ಅದು ಮುಗಿಯೋ ತನಕ ನೀನು ಎಲ್ಲಿಗೂ ಹೋಗೋ ಹಾಗಿಲ್ಲ, ತಿಳೀತಾ? ಒಂದು ಡಬ್ಬದಷ್ಟು ಕಾಲ ಹೇಗೋ ನಿನ್ನ ಜೊತೆ ಏಗ್ತೀನಿ. ಎರಡು ನನ್ನ ಕೈಲಾಗಲ್ಲ."