ತಿದಿಯ ಹೊಟ್ಟೆಕಿಚ್ಚು

ನಾನು ಒಂದು ತಿದಿ. ಎಮ್ಮೆಯ ಚರ್ಮ, ಹಲಸಿನ ಹಲಗೆ, ಕಬ್ಬಿಣದ ಮೂತಿ, ಇಷ್ಟೇ ನನ್ನ ಮೈ. ಸರಪಳಿ ಎಳೆದರೆ ಕುಲುಮೆಯ ಕೆಂಡಕ್ಕೆ ಊದುತ್ತೇನೆ, ಬಿಟ್ಟರೆ ಮತ್ತೆ ಹೊಟ್ಟೆ ತುಂಬ ಗಾಳಿ ಕುಡಿಯುತ್ತೇನೆ. ಕುಡಿದ ಗಾಳಿ ಹಿಂದಕ್ಕೆ ಹೋಗದಂತೆ ನನ್ನೊಳಗೆ ಒಂದು ಚರ್ಮದ ಕದವಿದೆ.

ನನ್ನನ್ನು ಹೊಲಿದವರು ಮೌನಾಚಾರಿಯ ಅಪ್ಪ. ಅವರ ಕಾಲ ಮುಗಿದು ಕುಲುಮೆ ಮಗನ ಕೈಗೆ ಬಂತು, ನನ್ನ ಸರಪಳಿ ಸೊಸೆ ಕಮಲಾಕ್ಷಿಯ ಕೈಗೆ. ಆಚಾರಿಯ ಬಾಯಿ ಸುತ್ತಿಗೆಗಿಂತ ಜೋರು. ಕಮಲಾಕ್ಷಿಯದು ಮಾತು ಕಡಿಮೆ. ಗಂಡನ ಮುಖ ನೋಡಿಯೇ ಕಬ್ಬಿಣಕ್ಕೆ ಎಷ್ಟು ಕಾವು ಬೇಕೆಂದು ತಿಳಿದು ಎಳೆಯುತ್ತಿದ್ದಳು. ಅಮಾವಾಸ್ಯೆಯ ದಿನ ನಮ್ಮಲ್ಲಿ ಕುಲುಮೆ ಹೊತ್ತಿಸುವುದಿಲ್ಲ. ಅಂದು ಅವಳು ನನ್ನ ಮಗ್ಗುಲಲ್ಲಿ ಕಾಲು ಚಾಚಿ ಕೂತು, ಮಡಿಕೆ ಮಡಿಕೆಗೂ ಹರಳೆಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಆ ಅಂಗೈ ನನ್ನದೇ ಸೊತ್ತು ಎಂದುಕೊಂಡಿದ್ದೆ.

ಅವಳ ಎಳೆತ ತಪ್ಪತೊಡಗಿದ್ದು ಮೊದಲು ಗೊತ್ತಾದದ್ದು ನನಗೇ. ಒಂದಿಷ್ಟು ಎಳೆದು ನಿಲ್ಲುವಳು. ನನಗಿಂತ ಜೋರಾಗಿ ಅವಳೇ ಏದುವಳು. ಚಿಕ್ಕಂದಿನ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿದೆ ಎಂದರಂತೆ ಪೇಟೆಯ ಆಸ್ಪತ್ರೆಯಲ್ಲಿ. ಎದೆ ಕೊಯ್ದು ಹೊಸ ಕವಾಟ ಕೂರಿಸಿ ಕಳಿಸಿದರು. ಹತ್ತಿರ ಕೂತರೆ ಟಿಕ್ ಟಿಕ್ ಎಂದು ಕೇಳುತ್ತಿತ್ತು.

“ನೋಡ್ರಪ್ಪಾ, ಮನೇಲಿ ಆಚಾರಿ ಅಂತ ನಾನಿದ್ದೀನಿ, ನನ್ನ ಹೆಂಡ್ತಿ ಎದೇಲಿ ಬ್ಯಾರೆ ಯಾವನೋ ಮಾಡಿದ ಕೆಲ್ಸ!” ಎಂದು ಮೌನಾಚಾರಿ ಕುಡುಗೋಲು ತಟ್ಟಿಸಲು ಬಂದವರಿಗೆಲ್ಲ ಹೇಳುವನು.

“ನಿಮ್ಮ ಕೆಲ್ಸ ಆಗಿದ್ರೆ ಮುಂಗಾರಿಗೊಂದ್ಸಲ ತಟ್ಟಿಸ್ಬೇಕಿತ್ತು,” ಎನ್ನುವಳು ಕಮಲಾಕ್ಷಿ.

ಎಲ್ಲರೂ ನಗುವರು. ನನಗೆ ನಗು ಬರಲಿಲ್ಲ. ಆ ಟಿಕ್ ಟಿಕ್ ಹಗಲಿರುಳು ಅವಳೊಳಗೇ ಇತ್ತು, ನಾನು ಹೊರಗೆ.

ಕವಾಟ ಸರಿಹೋಯಿತು, ಉಸಿರು ಸರಿಹೋಗಲಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿಯುವಳು. ಸಂಜೆಗೆ ಪಾದ ಊದುವುದು. ಹಳೆಯ ಕವಾಟ ಕೆಟ್ಟಿದ್ದ ವರ್ಷಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿವೆ, ಅಲ್ಲಿನ ಒತ್ತಡ ಇಳಿದಿಲ್ಲ ಎಂದರು ಡಾಕ್ಟರಮ್ಮ. ಮಾತ್ರೆಗಳ ಜೊತೆ ಆಕ್ಸಿಜನ್ ಯಂತ್ರವೊಂದು ಬಂತು. ಕುಲುಮೆಯ ಬಾಗಿಲಿನಿಂದ ನಡುಮನೆಯಲ್ಲಿ ಅದು ನನಗೆ ಕಾಣುತ್ತಿತ್ತು. ಬಿಳಿ ಮೈ, ಸಣ್ಣ ಕೊಳವೆ. ಆ ಕೊಳವೆ ನೇರ ಅವಳ ಮೂಗಿಗೆ. ನಾನು ಆಯುಸ್ಸೆಲ್ಲ ಊದಿದ್ದು ಕೆಂಡಕ್ಕೆ. ಅವಳಿಗೆ ಒಂದು ಗುಟುಕು ಗಾಳಿ ಕೊಟ್ಟಿರಲಿಲ್ಲ. ಅಮಾವಾಸ್ಯೆಯ ದಿನ ನೋಡುತ್ತೇನೆ, ಅವಳು ಕಾಲು ಚಾಚಿ ಕೂತು ಅದರ ಧೂಳು ತಡೆಯುವ ಸ್ಪಂಜನ್ನು ತೊಳೆಯುತ್ತಿದ್ದಾಳೆ! ನನ್ನ ಎಣ್ಣೆಬಟ್ಟಲು ಒಣಗಿತ್ತು.

ಎಣ್ಣೆಯಿಲ್ಲದೆ ನಾನೂ ಬಿಗಿದುಕೊಂಡೆ. ಮೌನಾಚಾರಿಯೇ ಎಣ್ಣೆ ಹಚ್ಚಿ, ಹದವಾಗಿ ಎಳೆದೆಳೆದು ನನ್ನನ್ನು ಸಡಿಲ ಮಾಡಿದ. ಮಾಡುತ್ತಲೇ ಅವನ ಕೈ ನಿಂತಿತು.

“ಕಮಲಾ, ಡಾಕ್ಟ್ರಮ್ಮ ಹೇಳಿದ್ದು ಇದೇ ಕಣೇ! ಕದ ಹೊಸದು ಹಾಕವ್ರೆ, ಚರ್ಮ ಬಿಗಿದೈತೆ. ಕೂತಷ್ಟೂ ಬಿಗೀತದೆ. ದಿನಾ ಒಂದಿಷ್ಟು ಎಳಿ.”

“ಭಾರದ ಕೆಲ್ಸ ಬ್ಯಾಡ ಅಂದವ್ರಲ್ರೀ.”

“ಅವರೇನು ತಿದಿ ಕಂಡವ್ರಾ?”

ಅವಳು ಮೂಗಿನ ಕೊಳವೆ ತೆಗೆದಿಟ್ಟು ಬಂದಳು. ಸವತಿಯನ್ನು ಮನೆಯಿಂದ ಅಟ್ಟಿದವರ ಹಾಗೆ ನಾನು ಆ ಯಂತ್ರವನ್ನು ನೋಡಿದೆ. ಅವಳು ಎಳೆದಳು. ಹಳೆಯ ಲಯ ಬಂತು ಎನ್ನುವಷ್ಟರಲ್ಲಿ ಸರಪಳಿ ಸಡಿಲಾಯಿತು. ನನ್ನ ಮೇಲೆಯೇ ಕುಸಿದಳು. ತುಟಿ ನೇರಳೆಹಣ್ಣಿನ ಬಣ್ಣ. ಎದೆಯೊಳಗಿನ ಟಿಕ್ ಟಿಕ್ ದಿಕ್ಕೆಟ್ಟು ಓಡುತ್ತಿತ್ತು. ನನ್ನ ಹೊಟ್ಟೆಯ ತುಂಬ ಗಾಳಿಯಿತ್ತು. ಮೂತಿ ಮಾತ್ರ ಕೆಂಡದ ಕಡೆಗಿತ್ತು.

ಮೌನಾಚಾರಿ ಅವಳನ್ನು ಎತ್ತಿಕೊಂಡು ಓಡಿ ಕೊಳವೆ ಹಾಕಿದ, ಆಮೇಲೆ ಆಸ್ಪತ್ರೆಗೆ ಕರೆದೊಯ್ದ. “ಅದು ಎಳೆದು ಸಡಿಲ ಮಾಡೋ ಚರ್ಮ ಅಲ್ಲ ಆಚಾರ್ರೇ. ಹೀಗೆ ಎಳೆಸಿದ್ರೆ ಹೃದಯವೇ ಸೋತುಹೋಗುತ್ತೆ,” ಎಂದು ಡಾಕ್ಟರಮ್ಮ ಗದರಿದರಂತೆ. ಹಿಂದಿರುಗಿದ ಮೇಲೆ ಎಷ್ಟೋ ದಿನ ಅವನು ಹೆಸರಿಗೆ ತಕ್ಕ ಹಾಗೆ ಇದ್ದ.

ನನ್ನ ಸರಪಳಿ ಬಿಚ್ಚಿದ. ಕುಲುಮೆಗೆ ಕರೆಂಟಿನ ಬ್ಲೋವರ್ ಬಂತು, ನಾನು ಮೂಲೆ ಸೇರಿದೆ. ಅಲ್ಲಿಯೂ ನೆಮ್ಮದಿಯಿರಲಿಲ್ಲ. ನಡುಮನೆಯ ಕಲ್ಲಿನ ನೆಲದ ಮೇಲೆ ಆಕ್ಸಿಜನ್ ಯಂತ್ರದ ಗಡಗಡಕ್ಕೆ ಕಮಲಾಕ್ಷಿಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಮೌನಾಚಾರಿ ಚೂರಿ ಹಿಡಿದು ಬಂದು ನನ್ನ ಚರ್ಮ ಕೊಯ್ದ.

“ಅಯ್ಯೋ, ನನ್ನ ತಿದೀನಾ?” ಎಂದಳು ಅವಳು.

ನನ್ನ ತಿದಿ ಅಂದಳು.

ಮಡಿಸಿದ ಚರ್ಮವಾಗಿ ಈಗ ನಾನು ಆ ಬಿಳಿಮೈಯವನ ಕಾಲಡಿಯಲ್ಲಿದ್ದೇನೆ. ಅವನ ನಡುಕವನ್ನೆಲ್ಲ ನಾನು ನುಂಗುತ್ತೇನೆ, ಅವಳು ನಿದ್ದೆ ಮಾಡುತ್ತಾಳೆ. ಎದ್ದು ಕೂತಾಗ ಊದಿದ ಪಾದವನ್ನು ನನ್ನ ಅಂಚಿನ ಮೇಲೆ ಇಡುತ್ತಾಳೆ. ಅವಳು ಅವನ ಸ್ಪಂಜು ತೊಳೆಯುವುದನ್ನು ಕಂಡರೆ ನನಗೆ ಇವತ್ತಿಗೂ ಉರಿಯುತ್ತದೆ. ಆದರೆ ಕರೆಂಟು ಹೋಗಿ ಅವನ ಸದ್ದು ನಿಂತಾಗ, ಮೌನಾಚಾರಿ ಆಕ್ಸಿಜನ್ ಸಿಲಿಂಡರಿಗೆ ಕೊಳವೆ ಸಿಕ್ಕಿಸುವವರೆಗೆ, ‘ನಡುಗೋ ಮಾರಾಯ, ನಡುಗು’ ಎಂದು ಅವನ ಕಾಲು ಹಿಡಿದುಕೊಂಡು ಬೇಡುವುದು ನಾನೇ.