ಆರರಿಂದ ಏಳರವರೆಗೆ

"ಬಾಯಿ ತೆರೆಯಬಾರದು," ಎಂದು ಹಫ್ಸಾ ಮೂರನೇ ಸಾಲಿನ ಕುರ್ಚಿಯೊಂದನ್ನು ತೋರಿಸಿದಳು. "ಎಂತ ಆದ್ರೂ ಸರಿ. ಪ್ರಾಮಿಸ್ ಮಾಡು ಉಮ್ಮ."

ರಮ್ಲತ್ ಪ್ರಾಮಿಸ್ ಮಾಡಿದಳು. ಎಂಟನೇ ತರಗತಿಯ ಮಗಳಿಂದ ಇಷ್ಟು ಕಟ್ಟುನಿಟ್ಟಾದ ಮಾತು ಕೇಳುವ ಹಾಗೆ ಮಾಡಿಕೊಂಡದ್ದು ಅವಳೇ. ಹೋದ ವರ್ಷದ ಭಾಷಣ ಸ್ಪರ್ಧೆಯಲ್ಲಿ ಹಫ್ಸಾ ಉಸಿರೆಳೆದುಕೊಳ್ಳಲು ಅರೆಗಳಿಗೆ ನಿಂತದ್ದೇ ತಡ, ಮರೆತಳೆಂದು ಹೆದರಿದ ರಮ್ಲತ್, ಕುಳಿತಲ್ಲಿಂದಲೇ ಮುಂದಿನ ವಾಕ್ಯವನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದಳು. ಸಭೆಗೆ ಸಭೆಯೇ ನಕ್ಕಿತ್ತು.

ಈ ವರ್ಷ ಸೌದಿಯ ಅಲ್ ಖೋಬರಿನ ಅವಳ ಶಾಲೆಯ ಹುಡುಗಿಯರ ವಿಭಾಗದಲ್ಲಿ ಸಮಾಜ ವಿಜ್ಞಾನದ ಪ್ರದರ್ಶನ. ಹಫ್ಸಾಳ ಗುಂಪಿಗೆ ಸಿಕ್ಕಿದ ವಿಷಯ, 1950ರ ದಶಕದ ಬ್ರಿಟನ್ನಿನ ಸಾರ್ವಜನಿಕ ಟೆಲಿವಿಷನ್ನಿನ ಒಂದು ದಿನ. ಟೀಚರ್ ಹಳೆಯ ಕಾರ್ಯಕ್ರಮ ಪಟ್ಟಿಯೊಂದರ ಜೆರಾಕ್ಸ್ ಕೊಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಹೆಂಗಸರಿಗೆ ಅಡುಗೆ, ಐದಕ್ಕೆ ಮಕ್ಕಳ ಆಟಪಾಠ, ಏಳರ ಮೇಲೆ ವಾರ್ತೆ, ನಾಟಕ, ಹತ್ತೂವರೆಗೆ ಎಲ್ಲರಿಗೂ ಗುಡ್ ನೈಟ್. ಆರರಿಂದ ಏಳರವರೆಗೆ ಮಾತ್ರ ಏನೂ ಇಲ್ಲ. ಬರೀ ಬಿಳಿ ಜಾಗ.

"ಅದು ಅವರ ಪ್ರಾರ್ಥನೆಯ ಹೊತ್ತು," ಎಂದಿದ್ದಳು ರಮ್ಲತ್, ಬಿ.ಎ.ಯಲ್ಲಿ ಇತಿಹಾಸ ಓದಿದವಳ ಗಾಂಭೀರ್ಯದಿಂದ. ಹನ್ನೆರಡು ವರ್ಷಗಳಿಂದ ಇಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಆದ ಕೂಡಲೇ ಅಂಗಡಿಗಳ ಶಟರ್ ಬೀಳುವುದನ್ನು ಕಂಡವಳಿಗೆ, ಸಂಜೆ ಆರಕ್ಕೆ ಒಂದು ದೇಶ ಸುಮ್ಮನಾಗುವುದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಫ್ಸಾ ಅದನ್ನೇ ಚಾರ್ಟಿನ ಮೇಲೆ ಹಸಿರು ಪೆನ್ನಿನಲ್ಲಿ ಬರೆದು, ಪಕ್ಕಕ್ಕೊಂದು ಚರ್ಚಿನ ಚಿತ್ರವನ್ನೂ ಬಿಡಿಸಿ ಒಯ್ದಳು. ಟೀಚರ್ ನಕ್ಕು ಅಡ್ಡಗೆರೆ ಎಳೆದರಂತೆ. ತಾಯಂದಿರು ಸಣ್ಣ ಮಕ್ಕಳನ್ನು ಮಲಗಿಸಲಿ ಎಂದು ಆ ಒಂದು ಗಂಟೆ ಇಡೀ ದೇಶದ ಟಿವಿಯನ್ನೇ ನಿಲ್ಲಿಸುತ್ತಿದ್ದರಂತೆ.

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು," ಎಂದು ಹಫ್ಸಾ ಎರಡು ದಿನ ಮುಖ ಊದಿಸಿದಳು. ಮಾತನ್ನು ತೂಗಿ ಆಡುವವಳು ತಾನು ಎಂದುಕೊಂಡಿದ್ದ ರಮ್ಲತ್‌ಗೆ ಅದು ತಾಗಿತು. ಇನ್ನೊಮ್ಮೆ ಬಾಯಿ ಜಾರಿದರೆ ಮಗಳು ತನ್ನನ್ನು ಯಾವುದಕ್ಕೂ ಕರೆಯಲಾರಳೆಂದು ಅವಳಿಗೆ ಖಚಿತವಿತ್ತು.

ವೇದಿಕೆಯ ಮೇಲೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ ಮಾಡಿದ ದೊಡ್ಡ ಟಿವಿ, ಅದರ ಕಿಟಕಿಗೆ ಹಳೆಯ ಅಬಾಯ ನಿಲುವಂಗಿಯ ಕಪ್ಪು ಪರದೆ. ಒಂದು ಗಂಟೆಯನ್ನು ಒಂದು ನಿಮಿಷದಲ್ಲಿ ತೋರಿಸಬೇಕು. ಕೆಳಗಿನ ಫ್ಲ್ಯಾಟಿನ ಆಮಿನತ್ ಎರಡು ವರ್ಷದ ಹಾರಿಸ್‌ನನ್ನು ಹೊತ್ತು ಬಂದು ರಮ್ಲತ್‌ಳ ಪಕ್ಕದಲ್ಲಿ ಕುಳಿತದ್ದೇ ಪರದೆ ಎದ್ದಿತು.

ಉದ್ದ ಗೌನು ತೊಟ್ಟ ಹಫ್ಸಾ ಕಿಟಕಿಯಲ್ಲಿ ಕಾಣಿಸಿಕೊಂಡು, ಇಂಗ್ಲಿಷಿನಲ್ಲಿ ಎಲ್ಲರನ್ನೂ ಸ್ವಾಗತಿಸಿದಳು. ಅವಳ ಗೆಳತಿ ಫರಾ ಖಾಲಿ ಬಟ್ಟಲಲ್ಲಿ ಕೇಕು ಕದಡಿದಳು. ಎರಡು ಕಾರ್ಯಕ್ರಮಗಳ ನಡುವೆ ಆ ಕಾಲದಲ್ಲಿ ಕುಂಬಾರನ ತಿಗರಿ ತಿರುಗುವುದನ್ನು ತೋರಿಸುತ್ತಿದ್ದರೆಂದು ಫರಾಳೇ ತಿರುಗುವ ತಟ್ಟೆಯ ಮೇಲೆ ಗೋಧಿಹಿಟ್ಟಿನ ಮುದ್ದೆ ಇಟ್ಟು ತಿರುಗಿಸಿದಳು. ಮುದ್ದೆ ನಿಲ್ಲದೆ ಅಗಲವಾಗುತ್ತ ಹೋಯಿತು.

"ಮಡಕೆ ಮಾಡ್ಲಿಕ್ಕೆ ಹೋಗಿ ಚಪಾತಿ ಆಯ್ತಲ್ಲ ಮಾರಾಯ್ತಿ," ಎಂದಳು ಆಮಿನತ್. ರಮ್ಲತ್ ನಗು ನುಂಗಿದಳು. ನಗುವುದು ಪ್ರಾಮಿಸ್ಸಿನೊಳಗೆ ಬರುತ್ತದೋ ಇಲ್ಲವೋ ತಿಳಿಯದು.

ಆರು ಗಂಟೆ. ಪರದೆ ಬಿತ್ತು. ಸಭೆಯಲ್ಲಿ ಗುಜುಗುಜು. ಕರೆಂಟು ಹೋಯಿತೇ ಎಂದು ಆಮಿನತ್ ಕೇಳಿದಾಗ ರಮ್ಲತ್ ಆದಷ್ಟು ಸಣ್ಣ ದನಿಯಲ್ಲಿ ವಿವರಿಸಿದಳು.

"ಮಕ್ಕಳನ್ನು ಮಲಗಿಸ್ಲಿಕ್ಕೆ ಟಿವಿ ಬಂದ್ ಮಾಡ್ತಿದ್ರಾ? ಒಳ್ಳೆ ಜನ. ಹಾಗಾದ್ರೆ ಇವನನ್ನು ನೀನೇ ಮಲಗಿಸು, ನನ್ನ ಕೈ ಸೋತಿತು." ಆಮಿನತ್ ಹಾರಿಸ್‌ನನ್ನು ಅವಳ ಮಡಿಲಿಗೆ ದಾಟಿಸಿ, ಹಿಂದಕ್ಕೆ ತಿರುಗಿ ಈ ಸುದ್ದಿಯನ್ನು ಹಿಂದಿನ ಸಾಲಿಗೂ ಹೇಳಿದಳು.

ರಮ್ಲತ್ ಮಗುವಿನ ಬೆನ್ನು ತಟ್ಟುತ್ತ ಎಣಿಸಿದಳು. ಅರವತ್ತಾಯಿತು. ಪರದೆ ಏಳಲಿಲ್ಲ. ಎಪ್ಪತ್ತು. ಒಳಗೆ ಪಿಸುಮಾತು, ರಟ್ಟು ಕೆರೆಯುವ ಸದ್ದು. ಎಂಬತ್ತೈದು. ಮುಂದೆ ಕುಳಿತ ತೀರ್ಪುಗಾರ್ತಿ ಕೈಗಡಿಯಾರ ನೋಡಿಕೊಂಡರು. ಪರದೆಯ ದಾರ ಸಿಕ್ಕಿಹಾಕಿಕೊಂಡಿತೋ, ಹಫ್ಸಾಳಿಗೆ ಮಾತೇ ಮರೆತುಹೋಯಿತೋ? ಮುಂದಿನ ವಾಕ್ಯ ರಮ್ಲತ್‌ಳ ನಾಲಗೆಯ ತುದಿಯಲ್ಲಿತ್ತು. ಹದಿನೈದು ದಿನ ಅಡುಗೆಮನೆಯಲ್ಲಿ ಕೇಳಿದ ವಾಕ್ಯ.

"ಹೇಳಿಬಿಡು. ನಿಂಗೆ ಬಾಯಿಪಾಠ ಉಂಟಲ್ಲ," ಎಂದು ಆಮಿನತ್ ಮೊಣಕೈಯಿಂದ ತಿವಿದಳು.

ರಮ್ಲತ್ ಬಾಯಿ ತೆರೆದಳು. ಉಸಿರನ್ನೂ ಎಳೆದುಕೊಂಡಾಗಿತ್ತು. ಅಷ್ಟರಲ್ಲಿ ಹಾರಿಸ್ ಮಿಸುಕಿ ಅಳಲು ಮುಖ ಹಿಂಡಿದ. ಎಳೆದುಕೊಂಡ ಉಸಿರನ್ನೆಲ್ಲ ಅವಳು ಅವನ ಕಿವಿಯ ಬಳಿ ಬಿಟ್ಟಳು.

"ಶ್‌ಶ್‌ಶ್..."

ಹಿಂದಿನ ಸಾಲಿನಲ್ಲಿ ಕೂಸನ್ನೆತ್ತಿಕೊಂಡಿದ್ದ ಯಾರೋ ನಗುತ್ತಲೇ ಅದನ್ನು ಅನುಸರಿಸಿದರು. ಅದರಾಚೆಯ ಇನ್ನೊಬ್ಬಳು ಮಡಿಲಲ್ಲಿದ್ದ ಕೈಚೀಲವನ್ನೇ ತಟ್ಟತೊಡಗಿದಳು. ಆಟವೆಂದು ಶುರುವಾದದ್ದು ಸಾಲಿನಿಂದ ಸಾಲಿಗೆ ಹರಡಿ, ಇಡೀ ಸಭೆ ಒಂದೇ ಮಗುವನ್ನು ಮಲಗಿಸುತ್ತಿರುವಂತೆ ದನಿ ತಗ್ಗಿಸಿತು.

ಪರದೆ ಒಂದು ಬದಿಗೆ ವಾಲಿ ಅರ್ಧ ಎದ್ದಿತು. ಹಫ್ಸಾಳ ಮುಖ ಬೆವತಿತ್ತು, ಕೂದಲು ಕೆದರಿತ್ತು. ಅವಳ ಕಣ್ಣು ನೆಟ್ಟಗೆ ಮೂರನೇ ಸಾಲಿಗೆ ಬಂತು. ಉಮ್ಮನ ಬಾಯಿ ಮುಚ್ಚಿರುವುದನ್ನು ಕಂಡು ಅವಳ ಭುಜ ಸಡಿಲಗೊಂಡಿತು.

"ಗುಡ್ ಈವ್ನಿಂಗ್," ಎಂದಳು. ಮುಂದಿನದು ಯಾವ ಹಾಳೆಯಲ್ಲೂ ಇರಲಿಲ್ಲ. "ಮಕ್ಕಳೆಲ್ಲ ಮಲಗಿದ್ರಾ?"

ಸಭೆ ನಕ್ಕಿತು. ರಮ್ಲತ್ ತಲೆ ಮಾತ್ರ ಆಡಿಸಿದಳು.

ವಾರ್ತೆಯಾಯಿತು. ಮೀಸೆ ಉದುರಿಬಿದ್ದ ಒಂದು ನಾಟಕವೂ ಆಯಿತು. ಉಳಿದದ್ದು ಕೊನೆಯ ಘೋಷಣೆ. ಕೊನೆಯ ಸಾಲಿನವರೆಗೆ ದನಿ ಕೇಳಿಸಬೇಕು, ಅದಕ್ಕೆ ಬೇರೆಯೇ ಅಂಕವಿದೆ ಎಂದು ಟೀಚರ್ ಹೇಳಿದ್ದರಂತೆ. ಮನೆಯಲ್ಲಿ ಹಫ್ಸಾ ಅದನ್ನು ಗೋಡೆ ಅದುರುವ ಹಾಗೆ ಹೇಳಿ ಅಭ್ಯಾಸ ಮಾಡಿದ್ದಳು.

ಈಗ ಅವಳು ಎದೆ ತುಂಬ ಗಾಳಿ ತುಂಬಿಕೊಂಡು ಎದುರಿಗೆ ನೋಡಿದಳು. ಉಮ್ಮನ ಭುಜದ ಮೇಲೆ ಹಾರಿಸ್ ಬಾಯಿ ಕಳೆದು ನಿಜವಾಗಿಯೂ ಮಲಗಿಬಿಟ್ಟಿದ್ದ. ಹಫ್ಸಾ ತುಂಬಿಕೊಂಡ ಗಾಳಿಯನ್ನು ಮೆಲ್ಲನೆ ಹೊರಬಿಟ್ಟಳು. ಆಮೇಲೆ, ಮನೆಯಲ್ಲಿ ಮಲಗುವ ಮುಂಚೆ ಹೇಳುವಷ್ಟೇ ಸಣ್ಣ ದನಿಯಲ್ಲಿ, "ಗುಡ್ ನೈಟ್," ಎಂದಳು. ಹಿಂದಿನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟರು.

ಪರದೆ ಇಳಿಯಿತು. ಆ ಕಾಲದ ಟಿವಿ ಆರಿಸಿದಾಗ ಗಾಜಿನ ನಡುವೆ ಕೊಂಚ ಹೊತ್ತು ಉಳಿಯುತ್ತಿದ್ದ ಬಿಳಿ ಚುಕ್ಕೆಯನ್ನು ತೋರಿಸಲು ಒಳಗಿಂದ ಯಾರೋ ಟಾರ್ಚ್ ಹಿಡಿದು, ಬೆರಳುಗಳಿಂದ ಬೆಳಕನ್ನು ಮೆಲ್ಲನೆ ಮುಚ್ಚುತ್ತಿದ್ದರು. ಚಪ್ಪಾಳೆ ಮುಂದಿನ ಸಾಲಿನಿಂದ ಎದ್ದು ಹಿಂದಕ್ಕೆ ಹೋಯಿತು. ರಮ್ಲತ್ ಒಬ್ಬಳು ಮಾತ್ರ ತಟ್ಟಲಿಲ್ಲ. ಅಂಗೈಯಿಂದ ಮಗುವಿನ ಕಿವಿ ಮುಚ್ಚಿ, ಕಪ್ಪು ಬಟ್ಟೆಯ ಮೇಲೆ ಆ ಚುಕ್ಕೆ ಸಣ್ಣದಾಗುತ್ತ ಹೋಗುವುದನ್ನು ನೋಡುತ್ತ ಕುಳಿತಳು.