ರಸ್ತೆ ದಾಟಿದ ಕೆಂಡ

ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟುವ ಸಂಕವ್ವ ಈಗಲೂ ನನ್ನ ಕಣ್ಣ ಮುಂದಿದ್ದಾಳೆ. ರಸ್ತೆಯ ಎರಡು ಬದಿಗೂ ನಿರಾಶ್ರಿತರ ಡೇರೆಗಳ ಸಾಲು. ಗಲಭೆಗೆ ಹೆದರಿ ಮನೆಮಠ ಬಿಟ್ಟು ನಮ್ಮ ಗಡಿಯೂರಿಗೆ ಓಡಿಬಂದ ಜನ. ಅವರ ಗಂಜಿಮನೆಯಲ್ಲಿ ನಾನು ಬಡಿಸುತ್ತಿದ್ದೆ.

ಸಂಕವ್ವನ ಮಗ ದುರುಗಪ್ಪ. ಸೊಸೆ ಹೂವಕ್ಕ ಡೇರೆಯಲ್ಲೇ ಹೆತ್ತಳು. ಬಾಣಂತಿ ಗಂಡಸರಿರುವಲ್ಲಿ ಮಲಗಬಾರದೆಂಬುದು ಅವರ ಪದ್ಧತಿ. ಎದುರು ಸಾಲಿನಲ್ಲಿ ಖಾಲಿಯಿದ್ದ ಡೇರೆಗೆ ಸಂಕವ್ವ ಹಟ ಹಿಡಿದು ಸೊಸೆಯನ್ನು ಸಾಗಿಸಿದಳು. ದಿನಾ ಈ ಕಡೆಯಿಂದ ಕೆಂಡ ಒಯ್ದು ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಇಷ್ಟೆಲ್ಲ ಯಾಕೆ ಎಂದು ನಾನು ರೇಗಿಸಿದರೆ, "ಊರು ಹೋತು, ಮನಿ ಹೋತು. ಬಾಣಂತನಾನೂ ಬಿಡಬೇಕೇನು?" ಎಂದು ಗದರಿದಳು.

ಗಡಿಯ ಆಚೀಚಿನ ಎರಡು ಸರಕಾರಗಳು ಮಾತ್ರ ಜಾಗ ಯಾರದು, ಖರ್ಚು ಯಾರದು ಎಂದು ಕಿತ್ತಾಡುತ್ತಲೇ ಇದ್ದವು. ಕೊನೆಗೆ ಒಪ್ಪಂದವಾಯಿತು. ಅರ್ಧ ಜನಕ್ಕೆ ಉತ್ತರದವರು ನೆಲ, ಹಣ ಕೊಡುವುದು, ಉಳಿದರ್ಧಕ್ಕೆ ದಕ್ಷಿಣದವರು. ಸುದ್ದಿ ಬಂದ ದಿನ ಗಂಜಿಮನೆಯಲ್ಲಿ ಬೆಲ್ಲ ಹಂಚಿದೆವು. ಅರ್ಧ ಎಂದರೆ ಹೇಗೆಂದು ನಾವ್ಯಾರೂ ಕೇಳಲಿಲ್ಲ.

ಮರುದಿನ ಲಾರಿಗಳು ಬಂದವು. ಅಧಿಕಾರಿ ನಡುರಸ್ತೆಯಲ್ಲಿ ನಿಂತು ಕೈಯೆತ್ತಿದ. "ಈ ಸಾಲು ಉತ್ತರಕ್ಕೆ. ಆ ಸಾಲು ದಕ್ಷಿಣಕ್ಕೆ."

ನಾನು ಹೂವಕ್ಕನ ಡೇರೆಯತ್ತ ತಿರುಗಿದೆ.

ದುರುಗಪ್ಪ ಓಡಿಬಂದ. "ಸಾಹೇಬ್ರ, ನನ್ನ ಹೇಂತಿ ಆ ಕಡೆ ಅದಾಳ್ರೀ. ಬಾಣಂತಿ ಅಂತ ಅಲ್ಲಿಟ್ಟೀವಿ, ಅಷ್ಟ."

"ಎರಡೂ ಕಡೆ ತಲೆ ಸಮ ಇರಬೇಕಪ್ಪ. ಒಬ್ಬರು ಬಂದರೆ ಒಬ್ಬರು ಹೋಗಬೇಕು. ಆಮೇಲೆ ಗಡಿ ದಾಟಿ ಬರೋ ಹಾಗಿಲ್ಲ."

ಬದಲಿಗೆ ಹೋಗುವವರು ಯಾರಾದರೂ ಇದ್ದಾರೇನೋ ಎಂದು ನಾನು ಸುತ್ತಲೂ ನೋಡಿದೆ. ಎಲ್ಲರೂ ತಂತಮ್ಮವರ ಕೈ ಹಿಡಿದು ನಿಂತಿದ್ದರು. ಅವರನ್ನು ಏನೆಂದು ಬೈಯಲಿ?

ಸಂಕವ್ವ ಎಂದಿನಂತೆ ಕೆಂಡ ಹಿಡಿದು ಹೊರಟಿದ್ದಳು. "ನಾ ಹೋಗ್ತೀನಿ. ಆಕಿನ್ನ ಕಳಸ್ರಿ."

"ಯವ್ವಾ!" ಎಂದ ದುರುಗಪ್ಪ.

"ಸುಮ್ಮನಿರು. ಆಕಿನ್ನ ಅಲ್ಲಿ ಇಟ್ಟಾಕಿ ನಾನ."

"ಕೂಸು?" ನನ್ನ ಬಾಯಿಂದ ಹೊರಬಿತ್ತು. ಕೂಸಿಗೆ ಬದಲು ಇನ್ನೊಬ್ಬರನ್ನು ಕೇಳಿದರೆ ಎಲ್ಲಿಂದ ತರುವುದು?

"ಅದು ತಲೆ ಎಣಿಸಿದ ಮೇಲೆ ಹುಟ್ಟಿದ್ದು," ಎಂದ ಅಧಿಕಾರಿ. "ಯಾವ ಸರಕಾರದ ಪಾಲಿಗೂ ಬಂದಿಲ್ಲ. ಎಲ್ಲಿಗಾದರೂ ಒಯ್ಯಲಿ."

ಆ ಮಾತಿನಿಂದಲೇ ಕೂಸು ತಾಯಿಗೆ ಉಳಿಯಿತು, ನಿಜ. ಆದರೂ ಹುಟ್ಟಿದ ಕೂಸು ಯಾರ ಲೆಕ್ಕಕ್ಕೂ ಇಲ್ಲವೆಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಡುರಸ್ತೆಯಲ್ಲಿ ಅತ್ತೆ ಸೊಸೆ ಎದುರಾದರು. ಹೂವಕ್ಕ ಅಳುತ್ತ ಕೂಸನ್ನು ಮುಂದೆ ಚಾಚಿದಳು. ಸಂಕವ್ವನ ಎರಡೂ ಕೈಯಲ್ಲಿ ಕೆಂಡವಿತ್ತು. "ನೆತ್ತಿ ಮುಚ್ಚ, ಗಾಳಿ ಐತಿ," ಎಂದಷ್ಟೇ ಹೇಳಿ ದಾಟಿದಳು.

ದಕ್ಷಿಣದ ಲಾರಿಯ ಡ್ರೈವರು ತಡೆದ. "ಅಜ್ಜಿ, ಬೆಂಕಿ ಹಿಡಿದು ಹತ್ತಬೇಡ. ಚೆಲ್ಲು."

"ಆರಲಿ ತಡಿ, ತಮ್ಮಾ. ಆರಿದ ಕೂಡಲೇ ಹತ್ತತೀನಿ."

ಅವನು ಬೀಡಿ ಹಚ್ಚಿ ಕಾದ. ಸಂಕವ್ವ ರಸ್ತೆಯಂಚಿನಲ್ಲಿ ಕುಳಿತು ಅಗ್ಗಿಷ್ಟಿಕೆಯ ಮೇಲೆ ಬಾಗಿದಳು. ಆರಿಸುತ್ತಿದ್ದಾಳೆಂದುಕೊಂಡು ನಾನು ನೀರು ಒಯ್ದೆ. ಹತ್ತಿರ ಹೋಗಿ ನೋಡಿದರೆ ಅವಳು ಊದಿ ಊದಿ ಕೆಂಡ ನಿಗಿನಿಗಿ ಮಾಡುತ್ತಿದ್ದಳು. ಕಣ್ಣು ಮಾತ್ರ ಮಗ, ಸೊಸೆ ಹತ್ತಿದ್ದ ಎದುರಿನ ಲಾರಿಯ ಮೇಲಿತ್ತು. ನಾನು ನೀರನ್ನು ಹಿಂದಕ್ಕೆ ಒಯ್ದೆ.

ಉತ್ತರದ ಲಾರಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಊದಿದಳು. ಆಮೇಲೆ ನಿಲ್ಲಿಸಿದಳು. ಕೆಂಡದ ಮೇಲೆ ಮೆಲ್ಲಗೆ ಬೂದಿ ಕಟ್ಟತೊಡಗಿತು.